ಆಡಿಯ ನಾಲ್ಕು ಬಳೆ, ಮೈಸೂರಿನ ಜಾವಾ

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಮೋಟಾರ್ ಸೈಕಲ್ಲನ್ನು ಮೈಸೂರಿನವರು ತಮ್ಮೂರಿನ ಗಾಡಿ ಎಂದೂ, ಸ್ವಲ್ಪ ಹೆಚ್ಚು ಬಲ್ಲವರು ಜೆಕೊಸ್ಲೊವಾಕಿಯದ ಗಾಡಿ ಎಂದೂ ಹೇಳುವುದು ರೂಢಿ. ಎರಡೂ ಸರಿಯೇ, ಆದರೆ ಅದರ ವಂಶಾವಳಿಯನ್ನು ಇನ್ನೊಂದು ತಲೆಮಾರು ಹಿಂದಕ್ಕೆ ಹುಡುಕಿಕೊಂಡು ಹೋದರೆ ಅದು ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಕೆಮ್ನಿಟ್ಜ್ ನಗರವನ್ನು ಮುಟ್ಟುತ್ತದೆ. ಪ್ರಾಗ್ ನಗರದ ಉದ್ಯಮಿ ಫ್ರಾಂಟಿಶೆಕ್ ಯಾನೆಚೆಕ್ ತನ್ನ ಹೆಸರಿನ ಮೊದಲಕ್ಷರಗಳನ್ನೂ, ತಾನು ಹಕ್ಕುಗಳನ್ನು ಕೊಂಡ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೊದಲಕ್ಷರಗಳನ್ನೂ ಕೂಡಿಸಿ ಜಾವಾ ಎಂಬ ಹೆಸರನ್ನು ಕಟ್ಟಿದ. ಅದೇ ವಾಂಡರರ್‌ನ ಕಾರು ವಿಭಾಗವು ಇಂದು ಆಡಿ ಕಾರುಗಳ ಮುಂಭಾಗದಲ್ಲಿ ಹೊಳೆಯುವ ನಾಲ್ಕು ಬಳೆಗಳಲ್ಲಿ ಒಂದಾಗಿದೆ. ಕೋಟಿಗೆ ಹತ್ತಿರದ ಬೆಲೆಯ ಐಷಾರಾಮಿ ಕಾರಿಗೂ, ಹಾಲಿನ ಕ್ಯಾನು ಹೊತ್ತು ನಂಜನಗೂಡು ರಸ್ತೆಯಲ್ಲಿ ಹೊಗೆಯುಗುಳುತ್ತ ಓಡುತ್ತಿದ್ದ ಗಾಡಿಗೂ ಇರುವ ಈ ದೂರದ ಸಂಬಂಧವು ಕೇವಲ ಕುತೂಹಲದ ಸಂಗತಿಯಲ್ಲ; ಕಂಪನಿಯೊಂದರ ಹೆಸರು ಎಲ್ಲಿಗೆ ಹೋಗುತ್ತದೆ, ಅದರ ಕಾರ್ಖಾನೆ ಎಲ್ಲಿ ಉಳಿಯುತ್ತದೆ ಎಂಬ ಪ್ರಶ್ನೆಯಲ್ಲಿ ಈ ಎರಡೂ ಕಥೆಗಳು ಒಂದೇ ದಾರಿಯಲ್ಲಿ ನಡೆದಿವೆ.

ಆಡಿಯ ಹುಟ್ಟೇ ಹೆಸರಿನ ಜಗಳದಲ್ಲಿ ಆಯಿತು. ಮಾನ್‌ಹೈಮ್‌ನಲ್ಲಿ ಕಾರ್ಲ್ ಬೆಂಜ್‌ನ ಕಂಪನಿಯಲ್ಲಿ ಎಂಜಿನಿಯರಾಗಿದ್ದ ಔಗುಸ್ಟ್ ಹೋರ್ಶ್ 1899ರಲ್ಲಿ ಕಲೋನ್ ನಗರದಲ್ಲಿ ತನ್ನದೇ ಕಂಪನಿ ತೆರೆದು, ಕೆಲವು ವರ್ಷಗಳಲ್ಲಿ ಅದನ್ನು ಸ್ಯಾಕ್ಸನಿಯ ಝ್ವಿಕಾವ್‌ಗೆ ಸಾಗಿಸಿದ. ಆದರೆ ಆಡಳಿತ ಮಂಡಳಿಯೊಡನೆ ಮನಸ್ತಾಪ ಬೆಳೆದು 1909ರಲ್ಲಿ ತಾನು ಕಟ್ಟಿದ ಕಂಪನಿಯಿಂದಲೇ ಹೊರಬಿದ್ದ. ಅದೇ ಊರಿನಲ್ಲಿ ಎರಡನೆಯ ಕಾರ್ಖಾನೆ ಆರಂಭಿಸಿದಾಗ ಹೋರ್ಶ್ ಎಂಬ ಹೆಸರು ತಮಗೇ ಸೇರಿದ್ದೆಂದು ಹಳೆಯ ಕಂಪನಿಯವರು ನ್ಯಾಯಾಲಯಕ್ಕೆ ಹೋಗಿ ಗೆದ್ದರು. ಕೇಳು, ಆಲಿಸು ಎಂಬ ಅರ್ಥದ ತನ್ನ ಹೆಸರಿನ ಲ್ಯಾಟಿನ್ ರೂಪವಾದ ಆಡಿಯನ್ನು ಅವನು 1910ರಲ್ಲಿ ಹೊಸ ಕಾರ್ಖಾನೆಗೆ ಇಟ್ಟ. ಅಂದರೆ ವ್ಯಕ್ತಿ ಒಂದು ಕಡೆ, ಅವನ ಹೆಸರಿನ ಒಡೆತನ ಇನ್ನೊಂದು ಕಡೆ ಎಂಬ ಸ್ಥಿತಿ ಈ ಸಂಸ್ಥೆಗೆ ಮೊದಲ ದಿನದಿಂದಲೇ ಗೊತ್ತಿತ್ತು.

ನಾಲ್ಕು ಬಳೆಗಳಲ್ಲಿ ಮೈಸೂರಿನ ಮಟ್ಟಿಗೆ ಹೆಚ್ಚು ಮುಖ್ಯವಾದದ್ದು ಡಿಕೆಡಬ್ಲ್ಯೂ. ಡೆನ್ಮಾರ್ಕಿನಿಂದ ಬಂದು ಚೋಪಾವ್ ಎಂಬ ಸ್ಯಾಕ್ಸನಿಯ ಪುಟ್ಟ ಊರಿನಲ್ಲಿ ನೆಲೆಸಿದ ಯೋರ್ಗನ್ ಸ್ಕಾಫ್ಟೆ ರಾಸ್ಮುಸೆನ್ ಮೊದಲು ಉಗಿ ಕಾರಿನ ಪ್ರಯೋಗ ಮಾಡಿ ಕೈಬಿಟ್ಟು, ಬಳಿಕ ಟೂ-ಸ್ಟ್ರೋಕ್ ಎಂಜಿನ್ನಿನ ಅಗ್ಗದ ಮೋಟಾರ್ ಸೈಕಲ್ಲುಗಳಿಗೆ ಕೈಹಾಕಿದ. 1920ರ ದಶಕದ ಕೊನೆಗೆ ಡಿಕೆಡಬ್ಲ್ಯೂ ಜಗತ್ತಿನ ಅತಿ ದೊಡ್ಡ ಮೋಟಾರ್ ಸೈಕಲ್ ತಯಾರಕ ಸಂಸ್ಥೆಯಾಗಿ ಬೆಳೆದಿತ್ತು, 1928ರಲ್ಲಿ ಆಡಿಯ ಬಹುಪಾಲು ಷೇರುಗಳೂ ರಾಸ್ಮುಸೆನ್‌ನ ಕೈಸೇರಿದ್ದವು. ಸಾಮಾನ್ಯ ಎಂಜಿನ್ನಿನಲ್ಲಿ ಪಿಸ್ಟನ್ ಎರಡು ಸಲ ಮೇಲೆ, ಎರಡು ಸಲ ಕೆಳಗೆ ಓಡಾಡಿದಾಗ ಒಮ್ಮೆ ಶಕ್ತಿ ದೊರೆತರೆ, ಟೂ-ಸ್ಟ್ರೋಕ್‌ನಲ್ಲಿ ಪಿಸ್ಟನ್ ಒಮ್ಮೆ ಹತ್ತಿ ಇಳಿಯುವಷ್ಟರಲ್ಲೇ ಆ ಕೆಲಸ ಮುಗಿಯುತ್ತದೆ. ವಾಲ್ವುಗಳಿಲ್ಲ, ಕ್ಯಾಮ್ ಇಲ್ಲ, ಸಿಲಿಂಡರಿನ ಗೋಡೆಯಲ್ಲಿ ಕೊರೆದ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ. ಬಿಡಿಭಾಗಗಳು ಕಡಿಮೆಯಾದ್ದರಿಂದ ಬೆಲೆಯೂ ಕಡಿಮೆ, ರಿಪೇರಿಯೂ ಸುಲಭ. ಆದರೆ ಸುಟ್ಟ ಹೊಗೆ ಹೊರಹೋಗುವ ಹೊತ್ತಿಗೇ ಹೊಸ ಪೆಟ್ರೋಲ್ ಮಿಶ್ರಣ ಒಳಬರಬೇಕಾದ್ದರಿಂದ ಒಂದಿಷ್ಟು ಪೆಟ್ರೋಲ್ ಸುಡದೆಯೇ ಹೊಗೆಯೊಡನೆ ಜಾರಿಹೋಗುತ್ತದೆ. ಜರ್ಮನ್ ಎಂಜಿನಿಯರ್ ಅಡೋಲ್ಫ್ ಶ್ನ್ಯೂರ್ಲೆ ಈ ಸೋರಿಕೆಯನ್ನು ತಗ್ಗಿಸಲು ಹೊಸ ಮಿಶ್ರಣವನ್ನು ಹೊಗೆಕಿಂಡಿಗೆ ಎದುರಿನ ಗೋಡೆಯತ್ತ ಹಾಯಿಸಿ, ಅದು ಮೇಲೇರಿ ಸುತ್ತು ಹೊಡೆದು ಇಳಿಯುವಾಗ ಹಳೆಯ ಹೊಗೆಯನ್ನು ತಳ್ಳಿಕೊಂಡು ಹೋಗುವಂಥ ಕಿಂಡಿಗಳ ವಿನ್ಯಾಸವನ್ನು ರೂಪಿಸಿದ. ಪೆಟ್ರೋಲ್ ಎಂಜಿನ್ನುಗಳಲ್ಲಿ ಅದನ್ನು ಬಳಸುವ ಹಕ್ಕನ್ನು 1930ರ ದಶಕದ ಆರಂಭದಲ್ಲಿ ಪಡೆದದ್ದು ಡಿಕೆಡಬ್ಲ್ಯೂ. ಮುಂದೆ ಜಗತ್ತಿನ ಬಹುಪಾಲು ಟೂ-ಸ್ಟ್ರೋಕ್ ಗಾಡಿಗಳು ಇದೇ ಸುತ್ತುಗಾಳಿಯ ತತ್ವವನ್ನು ಅನುಸರಿಸಿದವು, ಮೈಸೂರಿನದೂ ಅವುಗಳಲ್ಲಿ ಒಂದು.

ವಾಂಡರರ್‌ನ ಕಥೆ ಇವೆರಡಕ್ಕಿಂತ ಹಳೆಯದು. ವಿಂಕ್ಲ್‌ಹೋಫರ್ ಮತ್ತು ಯೆನಿಕೆ ಎಂಬಿಬ್ಬರು 1885ರಲ್ಲಿ ಕೆಮ್ನಿಟ್ಜ್‌ನಲ್ಲಿ ತೆರೆದ ಸೈಕಲ್ ಅಂಗಡಿ ಕ್ರಮೇಣ ಮೋಟಾರ್ ಸೈಕಲ್, ಕಾರು, ಬೆರಳಚ್ಚು ಯಂತ್ರ, ಲೋಹ ಕೊರೆಯುವ ಯಂತ್ರಗಳವರೆಗೆ ಕೈಚಾಚಿತು. ಅದು ಸಂಕಷ್ಟಕ್ಕೆ ಸಿಕ್ಕಿದಾಗ ಭಾಗ ಭಾಗವಾಗಿ ಮಾರಾಟವಾಯಿತು: 500 ಸಿಸಿಯ ಹೊಸ ಮೋಟಾರ್ ಸೈಕಲ್ಲಿನ ತಯಾರಿಕೆಯ ಹಕ್ಕು 1929ರಲ್ಲಿ ಯಾನೆಚೆಕ್‌ಗೆ, ಕಾರು ವಿಭಾಗ 1932ರಲ್ಲಿ ಆಟೊ ಯೂನಿಯನ್ ಎಂಬ ಹೊಸ ಕಾರು ಕಂಪನಿಗೆ. ಶಸ್ತ್ರಾಸ್ತ್ರ ತಯಾರಿಕೆಯಲ್ಲಿ ಹಣ ಮಾಡಿದ್ದ ಯಾನೆಚೆಕ್‌ಗೆ ಆ ಜರ್ಮನ್ ಗಾಡಿ ಫಲಕೊಡಲಿಲ್ಲ. ಸರಪಳಿಯ ಬದಲು ಶಾಫ್ಟಿನಿಂದ ಹಿಂಚಕ್ರವನ್ನು ತಿರುಗಿಸುವ, ಒತ್ತಿದ ಉಕ್ಕಿನ ಚೌಕಟ್ಟಿನ ಆ ಯಂತ್ರ ದುಬಾರಿಯೂ ದೋಷಪೂರಿತವೂ ಆಗಿತ್ತು. ಜಾವಾ ಬದುಕುಳಿದದ್ದು ಇಂಗ್ಲೆಂಡಿನಿಂದ ಬಂದ ಜಾರ್ಜ್ ಪ್ಯಾಚೆಟ್ ಎಂಬ ಎಂಜಿನಿಯರ್ 1932ರಲ್ಲಿ ವಿಲಿಯರ್ಸ್ ಕಂಪನಿಯ ಸಣ್ಣ ಟೂ-ಸ್ಟ್ರೋಕ್ ಎಂಜಿನ್ನನ್ನು ಕೂರಿಸಿ ಹೊರತಂದ 175 ಸಿಸಿಯ ಗಾಡಿಯಿಂದ. ವಾಂಡರರ್ ಯಂತ್ರ ಮರೆಯಾದರೂ ಅದರ ಮೊದಲಕ್ಷರಗಳು ಹೆಸರಿನಲ್ಲಿ ಉಳಿದವು. ಸ್ವಾರಸ್ಯವೆಂದರೆ 1934ರಲ್ಲಿ ಜಾವಾ ತನ್ನ ಮೊದಲ ಕಾರನ್ನು ತಯಾರಿಸಿದಾಗ ಅದೂ ಡಿಕೆಡಬ್ಲ್ಯೂ ಕಾರೊಂದರ ಪರವಾನಗಿಯ ಪ್ರತಿಯೇ ಆಗಿತ್ತು. ಒಂದು ಬಳೆಯ ಹೆಸರನ್ನು ಇಟ್ಟುಕೊಂಡ ಕಂಪನಿ ಇನ್ನೊಂದು ಬಳೆಯ ತಂತ್ರಜ್ಞಾನವನ್ನು ಸಾಲ ತಂದಿತ್ತು.

ಜಾಗತಿಕ ಆರ್ಥಿಕ ಕುಸಿತದ ನಡುವೆ 1932ರ ಜೂನ್‌ನಲ್ಲಿ ಸ್ಯಾಕ್ಸನಿಯ ಸರ್ಕಾರಿ ಬ್ಯಾಂಕಿನ ಒತ್ತಾಸೆಯಿಂದ ಆಡಿ, ಡಿಕೆಡಬ್ಲ್ಯೂ, ಹೋರ್ಶ್ ಕಂಪನಿಗಳು ಹಾಗೂ ವಾಂಡರರ್‌ನ ಕಾರು ವಿಭಾಗ ಆಟೊ ಯೂನಿಯನ್ ಎಂಬ ಒಂದೇ ಕಂಪನಿಯಾದವು, ನಾಲ್ಕು ಬಳೆಗಳು ಅದರ ಲಾಂಛನವಾದವು. ಡಿಕೆಡಬ್ಲ್ಯೂ ಬಡವರಿಗೆ, ವಾಂಡರರ್ ಮಧ್ಯಮ ವರ್ಗದವರಿಗೆ, ಆಡಿ ಅದಕ್ಕೂ ಮೇಲಿನವರಿಗೆ, ಹೋರ್ಶ್ ಸಿರಿವಂತರಿಗೆ ಎಂಬ ಹಂಚಿಕೆ ಏರ್ಪಟ್ಟಿತು. ಫರ್ಡಿನಾಂಡ್ ಪೋರ್ಷೆ ರೂಪಿಸಿದ, ಎಂಜಿನ್ನು ಚಾಲಕನ ಬೆನ್ನ ಹಿಂದಿರುವ 16 ಸಿಲಿಂಡರುಗಳ ರೇಸ್ ಕಾರುಗಳು ಬಳೆಗಳಿಗೆ ದೊಡ್ಡ ಕೀರ್ತಿ ತಂದವು. ಆ ಕೀರ್ತಿಯ ಹಿಂದೆ ನಾತ್ಸಿ ಸರ್ಕಾರದ ಧನಸಹಾಯವಿತ್ತೆಂಬುದನ್ನೂ, ಯುದ್ಧಕಾಲದಲ್ಲಿ ಅದೇ ಕಂಪನಿ ಜೀತದ ದುಡಿಮೆಯ ಮೇಲೆ ನಿಂತಿತೆಂಬುದನ್ನೂ ಬಿಟ್ಟು ಇತಿಹಾಸ ಬರೆಯಲಾಗದು. ಆಡಿಯೇ ಕೋರಿ ನಡೆಸಿದ, 2014ರಲ್ಲಿ ಪ್ರಕಟವಾದ ರುಡಾಲ್ಫ್ ಬೋಖ್ ಮತ್ತು ಮಾರ್ಟಿನ್ ಕುಕೋವ್‌ಸ್ಕಿ ಅವರ ಅಧ್ಯಯನವು 3,700ಕ್ಕೂ ಹೆಚ್ಚು ಯಾತನಾಶಿಬಿರದ ಕೈದಿಗಳನ್ನು ಆಟೊ ಯೂನಿಯನ್ ದುಡಿಸಿಕೊಂಡಿತ್ತೆಂದೂ, ಲೈಟ್‌ಮೆರಿಟ್ಜ್ ಶಿಬಿರದ ಸುಮಾರು 4,500 ಸಾವುಗಳಿಗೆ ಅದು ನೈತಿಕವಾಗಿ ಹೊಣೆಯೆಂದೂ ಹೇಳಿತು. ಲೈಟ್‌ಮೆರಿಟ್ಜ್ ಇದ್ದದ್ದು ಜರ್ಮನಿ ಆಕ್ರಮಿಸಿದ್ದ ಜೆಕ್ ನೆಲದಲ್ಲಿ. ಅದೇ ನೆಲದಲ್ಲಿ, ಅದೇ ವರ್ಷಗಳಲ್ಲಿ, ಜಾವಾ ಎಂಜಿನಿಯರುಗಳು ಜರ್ಮನ್ ಮೇಲ್ವಿಚಾರಕರ ಕಣ್ಣುತಪ್ಪಿಸಿ 250 ಸಿಸಿಯ ಹೊಸ ಗಾಡಿಯೊಂದನ್ನು ಗುಟ್ಟಾಗಿ ರೂಪಿಸುತ್ತಿದ್ದರು. ಪೆರಾಕ್ ಎಂಬ ಹೆಸರಿನಲ್ಲಿ 1946ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಅದು ಬೆಳಕಿಗೆ ಬಂತು. ಮೈಸೂರಿನ ಜಾವಾದ ನೇರ ಪೂರ್ವಜ ಅದೇ.

ಯುದ್ಧ ಮುಗಿದಾಗ ಸ್ಯಾಕ್ಸನಿ ಸೋವಿಯತ್ ವಲಯಕ್ಕೆ ಸೇರಿತು. ಆಟೊ ಯೂನಿಯನ್ನಿನ ಯಂತ್ರಗಳನ್ನು ಬಿಚ್ಚಿ ಸೋವಿಯತ್ ಒಕ್ಕೂಟಕ್ಕೆ ಸಾಗಿಸಲಾಯಿತು, 1948ರಲ್ಲಿ ಕಂಪನಿಯ ಹೆಸರನ್ನೇ ನೋಂದಣಿ ಪುಸ್ತಕದಿಂದ ಅಳಿಸಲಾಯಿತು. ಪಶ್ಚಿಮಕ್ಕೆ ವಲಸೆ ಹೋದ ಹಳೆಯ ಅಧಿಕಾರಿಗಳು ಬವೇರಿಯದ ಇಂಗೊಲ್‌ಸ್ಟಾಟ್‌ನಲ್ಲಿ ಬಿಡಿಭಾಗಗಳ ಉಗ್ರಾಣವೊಂದನ್ನು ತೆರೆದು, 1949ರಲ್ಲಿ ಅಲ್ಲಿಯೇ ಹೊಸ ಆಟೊ ಯೂನಿಯನ್ ಕಟ್ಟಿದರು. ಹೆಸರು, ಬಳೆಗಳು ಮತ್ತು ನೆನಪು ಇಂಗೊಲ್‌ಸ್ಟಾಟ್‌ಗೆ ಹೋದವು. ಕಟ್ಟಡ, ಕುಶಲಕರ್ಮಿಗಳು ಮತ್ತು ಟೂ-ಸ್ಟ್ರೋಕ್ ಪರಂಪರೆ ಝ್ವಿಕಾವ್ ಮತ್ತು ಚೋಪಾವ್‌ಗಳಲ್ಲಿ ಉಳಿದವು. ಚೋಪಾವ್‌ನ ಕಾರ್ಖಾನೆ ಎಂಜೆಡ್ ಎಂಬ ಮೋಟಾರ್ ಸೈಕಲ್ ತಯಾರಿಸಿತು. ಹೋರ್ಶ್ ಬೆಳೆದ ಮತ್ತು ಆಡಿ ಹುಟ್ಟಿದ ಝ್ವಿಕಾವ್‌ನಲ್ಲಿ 1957ರಿಂದ 1991ರವರೆಗೆ ತಯಾರಾದದ್ದು, ಹತ್ತಿಯ ನಾರು ಮತ್ತು ರಾಳದಿಂದ ಮಾಡಿದ ಮೈಯುಳ್ಳ, ಎರಡು ಸಿಲಿಂಡರಿನ ಟೂ-ಸ್ಟ್ರೋಕ್ ಎಂಜಿನ್ನಿನ, ಜಗತ್ತೇ ಹಾಸ್ಯಮಾಡಿದ ಟ್ರಬಾಂಟ್ ಕಾರು. ಅದನ್ನು ಮಾಡಿದವರ ಕೈಗಳು ಹೋರ್ಶ್ ಕಾರುಗಳನ್ನು ಮಾಡಿದವರ ಕೈಗಳಿಗಿಂತ ಕೀಳಾಗಿರಲಿಲ್ಲ. ಅವರ ಬಳಿ ಉಕ್ಕೂ ಇರಲಿಲ್ಲ, ಹೆಸರೂ ಇರಲಿಲ್ಲ.

ಇಂಗೊಲ್‌ಸ್ಟಾಟ್‌ನ ಕಂಪನಿ ಮೊದಲು ತಯಾರಿಸಿದ್ದೂ ಡಿಕೆಡಬ್ಲ್ಯೂ ಹೆಸರಿನ ಟೂ-ಸ್ಟ್ರೋಕ್ ಗಾಡಿಗಳನ್ನೇ. 1958ರಲ್ಲಿ ಡೈಮ್ಲರ್-ಬೆಂಜ್‌ನ, 1960ರ ದಶಕದ ನಡುವೆ ಫೋಕ್ಸ್‌ವ್ಯಾಗನ್‌ನ ಒಡೆತನಕ್ಕೆ ಅದು ಬರುವ ಹೊತ್ತಿಗೆ ಸಂಬಳ ಏರಿದ ಜರ್ಮನರು ಹೊಗೆಯ ಕಾರನ್ನು ಕೊಳ್ಳಲು ಮನಸ್ಸು ಮಾಡುತ್ತಿರಲಿಲ್ಲ. ಡಿಕೆಡಬ್ಲ್ಯೂ ಎಂದರೆ ಟೂ-ಸ್ಟ್ರೋಕ್ ಎಂಬ ನಂಟು ಜನಮನದಲ್ಲಿ ಎಷ್ಟು ಬಲವಾಗಿತ್ತೆಂದರೆ 1965ರಲ್ಲಿ ಹೊಸ ಫೋರ್-ಸ್ಟ್ರೋಕ್ ಎಂಜಿನ್ನಿನ ಕಾರು ಬಂದಾಗ, ಎರಡೂವರೆ ದಶಕಗಳಿಂದ ಬಳಕೆಯಲ್ಲಿಲ್ಲದ ಆಡಿ ಎಂಬ ಹೆಸರನ್ನು ಹೊರತೆಗೆದು ಅದಕ್ಕೆ ಇಡಬೇಕಾಯಿತು. ಇಂದು ಜಗತ್ತು ಗೌರವಿಸುವ ಆ ಹೆಸರು ಮರಳಿ ಬಂದದ್ದು ತನ್ನ ಪ್ರತಿಷ್ಠೆಯ ಬಲದಿಂದಲ್ಲ, ಸೋದರನ ಹೆಸರು ಕೆಟ್ಟಿದ್ದರಿಂದ. ಫೋಕ್ಸ್‌ವ್ಯಾಗನ್ ಮುಖ್ಯಸ್ಥ ಹೈನ್‌ರಿಖ್ ನೋರ್ಡ್‌ಹೋಫ್ ಇಂಗೊಲ್‌ಸ್ಟಾಟ್‌ನಲ್ಲಿ ತನ್ನ ಬೀಟಲ್ ಕಾರನ್ನೇ ಜೋಡಿಸಿದರೆ ಸಾಕೆಂದು ಹೊಸ ವಿನ್ಯಾಸಗಳನ್ನು ನಿಷೇಧಿಸಿದ್ದಾಗ, ಲುಡ್ವಿಗ್ ಕ್ರೌಸ್ ಎಂಬ ಎಂಜಿನಿಯರ್ ಕದ್ದುಮುಚ್ಚಿ ರೂಪಿಸಿದ ಆಡಿ 100 ಎಂಬ ಕಾರು 1968ರಲ್ಲಿ ಬಂದು ಕಂಪನಿಯ ಸ್ವಂತಿಕೆಯನ್ನು ಉಳಿಸಿತು. 1980ರಲ್ಲಿ ನಾಲ್ಕೂ ಚಕ್ರಗಳಿಗೆ ಶಕ್ತಿ ಹಂಚುವ ಕ್ವಾಟ್ರೊ ಬಂದ ಮೇಲೆ, ಹಿಮ ಮತ್ತು ಕೆಸರಿನ ರ್‍ಯಾಲಿಗಳ ಗೆಲುವಿನಿಂದ ಆಡಿ ಎಂದರೆ ತಂತ್ರಜ್ಞಾನ ಎಂಬ ಮಾತು ನಿಂತಿತು.

ಭಾರತದಲ್ಲಿ ಆಡಿಯ ಖ್ಯಾತಿ ಅದರ ಮಾರಾಟಕ್ಕಿಂತ ಎರಡು ದಶಕ ಮೊದಲೇ ಬಂತು. 1985ರ ಮಾರ್ಚ್ 10ರಂದು ಮೆಲ್ಬರ್ನ್‌ನಲ್ಲಿ ಪಾಕಿಸ್ತಾನವನ್ನು ಸೋಲಿಸಿದ ಭಾರತ ತಂಡದ ರವಿ ಶಾಸ್ತ್ರಿಗೆ ಚಾಂಪಿಯನ್ನರ ಚಾಂಪಿಯನ್ ಎಂಬ ಬಿರುದಿನೊಡನೆ ದೊರೆತ ಆಡಿ 100 ಕಾರಿನ ಮೇಲೆ, ಬೆಂಗಳೂರಿನ ಸದಾನಂದ ವಿಶ್ವನಾಥ್ ಒಳಗೊಂಡ ಆ ತಂಡದ ಆಟಗಾರರು ಮೈದಾನ ಸುತ್ತಿದ ದೃಶ್ಯವನ್ನು ಟಿವಿಯಲ್ಲಿ ಕಂಡವರಿಗೆ ಆ ಹೆಸರು ಮರೆತುಹೋಗಲಿಲ್ಲ. ಯಾವ ಜಾಹೀರಾತೂ ಅಷ್ಟು ಕೆಲಸ ಮಾಡಲಾರದು. ಕಂಪನಿ 2007ರಲ್ಲಿ ಭಾರತದಲ್ಲಿ ತನ್ನ ಘಟಕ ತೆರೆದು ಔರಂಗಾಬಾದಿನಲ್ಲಿ ಕಾರುಗಳ ಜೋಡಣೆ ಆರಂಭಿಸಿದಾಗ ಅದು ಪರಿಚಯ ಹೇಳಿಕೊಳ್ಳಬೇಕಾದ ಅಗತ್ಯವೇ ಇರಲಿಲ್ಲ. ಅದೇ ಖ್ಯಾತಿ ಅಮೆರಿಕದಲ್ಲಿ ಕುಸಿದು ಬಿದ್ದದ್ದೂ 1980ರ ದಶಕದಲ್ಲೇ. ಆಡಿ 5000 ಕಾರು ತಾನಾಗಿಯೇ ಮುನ್ನುಗ್ಗುತ್ತದೆ ಎಂಬ ಆರೋಪವನ್ನು 1986ರ ದೂರದರ್ಶನ ಕಾರ್ಯಕ್ರಮವೊಂದು ಬಿತ್ತರಿಸಿದ ಮೇಲೆ, 1985ರಲ್ಲಿ 74 ಸಾವಿರದಷ್ಟಿದ್ದ ಮಾರಾಟ 1991ರಲ್ಲಿ ಸುಮಾರು 12 ಸಾವಿರಕ್ಕೆ ಇಳಿಯಿತು. ಬಹುಪಾಲು ಪ್ರಕರಣಗಳಲ್ಲಿ ಚಾಲಕರು ಬ್ರೇಕಿನ ಬದಲು ಆಕ್ಸಿಲರೇಟರ್ ಒತ್ತಿದ್ದರೆಂದು 1989ರಲ್ಲಿ ಅಲ್ಲಿನ ಸರ್ಕಾರಿ ತನಿಖೆ ಹೇಳಿದರೂ ಹೋದ ಗಿರಾಕಿ ಬೇಗ ಮರಳಲಿಲ್ಲ. ಇದಕ್ಕೆ ತದ್ವಿರುದ್ಧವಾಗಿ, 2015ರಲ್ಲಿ ಬಯಲಾದ ಡೀಸೆಲ್ ಹಗರಣದಲ್ಲಿ ತಪ್ಪು ನಿಜವಾಗಿಯೂ ಕಂಪನಿಯದೇ ಆಗಿತ್ತು: ಪರೀಕ್ಷೆಯ ವೇಳೆ ಮಾತ್ರ ಹೊಗೆಯನ್ನು ಶುದ್ಧೀಕರಿಸಿ ರಸ್ತೆಯ ಮೇಲೆ ವಿಷಾನಿಲ ಬಿಡುವಂತೆ ತಂತ್ರಾಂಶ ಬರೆಯಲಾಗಿತ್ತು, 2018ರಲ್ಲಿ ಆಡಿ 80 ಕೋಟಿ ಯೂರೊ ದಂಡ ತೆತ್ತಿತು, 2023ರಲ್ಲಿ ಅದರ ಮಾಜಿ ಮುಖ್ಯಸ್ಥ ರೂಪರ್ಟ್ ಸ್ಟಾಡ್ಲರ್ ಶಿಕ್ಷೆಗೊಳಗಾದ. ಮಾಡದ ತಪ್ಪಿಗೆ ಮಾರುಕಟ್ಟೆಯಲ್ಲಿ ನೆಲಕಚ್ಚಿದ ಹೆಸರು ಮಾಡಿದ ತಪ್ಪಿಗೆ ಅಷ್ಟಾಗಿ ಬೆಲೆ ತೆರಲಿಲ್ಲವೆಂಬುದು ಖ್ಯಾತಿಯ ಲೆಕ್ಕಾಚಾರವನ್ನು ನಂಬುವವರು ಗಮನಿಸಬೇಕಾದ ಸಂಗತಿ.

ಇನ್ನು ಮೈಸೂರಿನತ್ತ ತಿರುಗಿದರೆ, ಯಾದವಗಿರಿಗೆ ಜಾವಾ ಬಂದದ್ದು ಆಮದು ನಿರ್ಬಂಧದ ಕಾಲದಲ್ಲಿ. ಮುಂಬಯಿಯಲ್ಲಿ ಜಾವಾ ಗಾಡಿಗಳನ್ನು ಆಮದು ಮಾಡಿ ಮಾರುತ್ತಿದ್ದ ಐಡಿಯಲ್ ಮೋಟಾರ್ಸ್‌ನ ರುಸ್ತುಂ ಇರಾನಿ ಮತ್ತು ಫಾರುಖ್ ಇರಾನಿ, ಸಿದ್ಧ ವಾಹನಗಳ ಆಮದಿಗೆ ಸರ್ಕಾರ ತಡೆಯೊಡ್ಡಿದ ಮೇಲೆ ಜೆಕ್ ಕಂಪನಿಯ ಪರವಾನಗಿ ಪಡೆದು ದೇಶದೊಳಗೇ ತಯಾರಿಸಲು ಮುಂದಾದರು. ಮೈಸೂರು ಸಂಸ್ಥಾನದ ಕೊನೆಯ ದೊರೆಯೂ ಆಗ ರಾಜ್ಯಪಾಲರೂ ಆಗಿದ್ದ ಜಯಚಾಮರಾಜೇಂದ್ರ ಒಡೆಯರ್ 1961ರಲ್ಲಿ ಕಾರ್ಖಾನೆಯನ್ನು ಉದ್ಘಾಟಿಸಿದರು. ಮದರಾಸಿನ ಎನ್‌ಫೀಲ್ಡ್ ಬುಲೆಟ್, ಪೋಲೆಂಡಿನ ವಿನ್ಯಾಸದ ರಾಜದೂತ್ ಮತ್ತು ಮೈಸೂರಿನ ಜಾವಾ, ಈ ಮೂರನ್ನು ಬಿಟ್ಟರೆ ಮೋಟಾರ್ ಸೈಕಲ್ ಕೊಳ್ಳಬಯಸುವ ಭಾರತೀಯನಿಗೆ ಎರಡು ದಶಕಗಳ ಕಾಲ ಹೆಚ್ಚಿನ ಆಯ್ಕೆ ಇರಲಿಲ್ಲ. ಅರಮನೆ, ರೇಷ್ಮೆ, ಗಂಧದೆಣ್ಣೆಗಳಿಗೆ ಹೆಸರಾದ ಊರಿನಲ್ಲಿ ಲೇತ್ ಯಂತ್ರ, ಮಿಲ್ಲಿಂಗ್, ಎಲೆಕ್ಟ್ರೋಪ್ಲೇಟಿಂಗ್ ಬಲ್ಲ ಕಾರ್ಮಿಕ ವರ್ಗವೊಂದನ್ನು ಬೆಳೆಸಿದ ಕಾರ್ಖಾನೆಗಳ ಸಾಲಿನಲ್ಲಿ ಐಡಿಯಲ್ ಜಾವಾದ ಸ್ಥಾನ ಮುಂದಿನದು.

ಗಾಡಿಯ ರಚನೆ ಸರಳವೂ ಜಾಣತನದ್ದೂ ಆಗಿತ್ತು. 248.5 ಸಿಸಿಯ ಒಂದೇ ಸಿಲಿಂಡರು, ಆದರೆ ಹೊಗೆ ಹೋಗಲು ಎರಡು ಸೈಲೆನ್ಸರ್. ಎಂಜಿನ್ನು ಮತ್ತು ಗೇರ್‌ಬಾಕ್ಸ್ ಒಂದೇ ಕವಚದೊಳಗೆ. ಸರಪಳಿಗೆ ಧೂಳು ತಾಗದಂತೆ ಪೂರ್ತಿ ಮುಚ್ಚಳ. ಗೇರ್ ಹಾಕುವ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತಿತ್ತು, ಅದೇ ಲಿವರು ಗೇರ್ ಬದಲಿಸುವಾಗ ಕ್ಲಚ್ಚನ್ನೂ ತಾನೇ ಬಿಡಿಸುತ್ತಿತ್ತು. ಎಂಜಿನ್ ಆಯಿಲ್ ಪ್ರತ್ಯೇಕವಾಗಿ ಇರದೆ ಪೆಟ್ರೋಲಿನೊಳಗೇ, ಲೀಟರಿಗೆ ಸುಮಾರು 40 ಮಿಲಿಲೀಟರಿನಂತೆ ಬೆರೆಸಬೇಕಿತ್ತು. ಸುಟ್ಟ ಎಣ್ಣೆ ಸೈಲೆನ್ಸರಿನೊಳಗೆ ಮಸಿಯಾಗಿ ಕಟ್ಟಿಕೊಂಡಾಗ ಅದನ್ನು ಬಿಚ್ಚಿ ಕಾರ್ಬನ್ ತೆಗೆಸುವುದು ಜಾವಾ ಇಟ್ಟುಕೊಂಡವರ ಮಾಮೂಲಿ ಖರ್ಚು. ಪಾಯಿಂಟ್ ಗ್ಯಾಪ್, ಪ್ಲಗ್, ಕಾರ್ಬುರೇಟರ್ ಮೂರನ್ನು ಅರಿತರೆ ಅರ್ಧ ಮೆಕ್ಯಾನಿಕ್ ಆದಂತೆಯೇ. ಬುಲೆಟ್‌ನ ಖ್ಯಾತಿ ಪೊಲೀಸು, ಸೈನ್ಯದ ಗತ್ತಿನಿಂದ ಬಂದದ್ದಾದರೆ ಜಾವಾದ ಖ್ಯಾತಿ ಹೀಗೆ ರಿಪೇರಿ ಅಂಗಡಿಗಳಲ್ಲಿ ಬೆಳೆಯಿತು, ಸಣ್ಣ ಊರಿನ ಮೆಕ್ಯಾನಿಕ್ಕಿಗೂ ಬಗ್ಗುವ ಯಂತ್ರವಾದ್ದರಿಂದಲೇ ಅದು ದೇಶದುದ್ದಕ್ಕೂ ನಿಂತಿತು.

1973ರಿಂದ ಟ್ಯಾಂಕಿನ ಮೇಲೆ ಜಾವಾ ಬದಲಿಗೆ ಯೆಜ್ಡಿ ಎಂಬ ಹೆಸರು ಬಂತು. ಇರಾನಿ ಕುಟುಂಬದ ಮೂಲವಾದ ಪಾರಸಿಕರ ಪುರಾತನ ನೆಲೆ ಯಜ್ದ್ ನಗರದ ನೆನಪು ಅದು. ಕಾರ್ಖಾನೆ ಅದೇ, ಎಂಜಿನ್ನು ಬಹುಪಾಲು ಅದೇ, ಹೆಸರು ಮಾತ್ರ ಬೇರೆ. ಆದರೂ ಮೈಸೂರಿನಲ್ಲಿ ಅದು ಕೊನೆಯವರೆಗೂ ಜಾವಾ ಫ್ಯಾಕ್ಟರಿಯಾಗಿಯೇ ಉಳಿಯಿತು. 1978ರ ರೋಡ್‌ಕಿಂಗ್ ಈ ಸಾಲಿನ ಅತ್ಯುತ್ತಮ ಗಾಡಿಯೆಂದು ಅಭಿಮಾನಿಗಳಲ್ಲಿ ಹೆಚ್ಚಿನವರು ಒಪ್ಪುತ್ತಾರೆ. ಆದರೆ 1985ರಲ್ಲಿ ಜಪಾನಿನ ಸಹಯೋಗದ 100 ಸಿಸಿ ಗಾಡಿಗಳು ಬಂದಾಗ, ಒಂದು ಕಡೆ ಹೀರೊ ಹೊಂಡಾದ ಫೋರ್-ಸ್ಟ್ರೋಕ್ ಗಾಡಿ ಪೆಟ್ರೋಲ್ ಉಳಿತಾಯದಲ್ಲೂ ಇನ್ನೊಂದು ಕಡೆ ಯಮಹಾ ಆರ್‌ಎಕ್ಸ್ 100 ವೇಗದಲ್ಲೂ ಯೆಜ್ಡಿಯನ್ನು ಹಿಂದಿಕ್ಕಿದವು. 98 ಸಿಸಿಯ ಆ ಪುಟ್ಟ ಯಮಹಾ 11 ಅಶ್ವಶಕ್ತಿ ಕೊಡುತ್ತಿದ್ದಾಗ, ಎರಡೂವರೆ ಪಟ್ಟು ದೊಡ್ಡದಾದ ಮೈಸೂರಿನ ಎಂಜಿನ್ನಿನ ಹಳೆಯ ಮಾದರಿಗಳ ಬಲವೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಇಲ್ಲಿಯೂ ಡಿಕೆಡಬ್ಲ್ಯೂ ನೆರಳು ಕಾಣುತ್ತದೆ: ಯುದ್ಧಾನಂತರ ಡಿಕೆಡಬ್ಲ್ಯೂ ಆರ್‌ಟಿ 125 ಗಾಡಿಯ ವಿನ್ಯಾಸವನ್ನು ಬ್ರಿಟನ್, ಅಮೆರಿಕ, ಸೋವಿಯತ್ ಒಕ್ಕೂಟಗಳು ಎತ್ತಿಕೊಂಡಂತೆ, ಯಮಹಾದ ಮೊತ್ತಮೊದಲ ಮೋಟಾರ್ ಸೈಕಲ್ಲೂ 1955ರಲ್ಲಿ ಅದನ್ನೇ ನೋಡಿ ಮಾಡಿದ್ದು. ಚೋಪಾವ್‌ನಿಂದ ಹೊರಟ ಒಂದು ಕವಲು ಪ್ರಾಗ್ ಮೂಲಕ, ಇನ್ನೊಂದು ಜಪಾನಿನ ಮೂಲಕ ಭಾರತಕ್ಕೆ ಬಂದು ಎದುರುಬದುರಾದವು; ಎರಡನೆಯದು ಗೆದ್ದದ್ದು ಅದು ಮೂವತ್ತು ವರ್ಷ ಸುಮ್ಮನೆ ಕೂರದೆ ತಿದ್ದಿಕೊಂಡಿದ್ದರಿಂದ. ಯೆಜ್ಡಿ ತಿದ್ದಿಕೊಳ್ಳಲಿಲ್ಲ ಎಂಬ ದೂರಿನಲ್ಲಿ ಸತ್ಯಾಂಶವಿದೆ. ಬೇಡಿಕೆ ಕುಸಿದು, ಸಾಲ ಬೆಳೆದು, ಕಾರ್ಮಿಕರೊಡನೆ ತಿಕ್ಕಾಟವೂ ಸೇರಿ, 1996ರಲ್ಲಿ ಹೊಗೆಯ ನಿಯಮಗಳು ಬಿಗಿಯಾದ ವರ್ಷವೇ ಕಾರ್ಖಾನೆ ಬಾಗಿಲು ಹಾಕಿತು. ಮುಂದೆ ಅದು ನ್ಯಾಯಾಲಯದ ಮೂಲಕ ಸಮಾಪನಕ್ಕೆ, ಅಂದರೆ ಆಸ್ತಿ ಮಾರಿ ಸಾಲ ತೀರಿಸುವ ಪ್ರಕ್ರಿಯೆಗೆ ಒಳಗಾಯಿತು.

ಹೆಸರು ಮಾತ್ರ ಸಾಯಲಿಲ್ಲ. ಮಹೀಂದ್ರ ಸಮೂಹದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ 2018ರ ನವೆಂಬರಿನಲ್ಲಿ ಜಾವಾವನ್ನೂ 2022ರ ಜನವರಿಯಲ್ಲಿ ಯೆಜ್ಡಿಯನ್ನೂ ಮತ್ತೆ ಮಾರುಕಟ್ಟೆಗೆ ತಂದಿತು. ಅವು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಎಂಜಿನ್ನು ನೀರಿನಿಂದ ತಣ್ಣಗಾಗುವ ಫೋರ್-ಸ್ಟ್ರೋಕ್. ಹೊಸ ಜಾವಾಕ್ಕೆ ಇರುವ ಎರಡು ಸೈಲೆನ್ಸರುಗಳು ಹಳೆಯ ಚಹರೆಯನ್ನು ಉಳಿಸಿಕೊಳ್ಳಲೆಂದೇ ಇಟ್ಟವು. ಯೆಜ್ಡಿ ಎಂಬ ಹೆಸರಿನ ಒಡೆತನ ಇರಾನಿ ಕುಟುಂಬದ್ದೋ, ಸಮಾಪನಕ್ಕೆ ಒಳಗಾದ ಮೈಸೂರಿನ ಕಂಪನಿಯದ್ದೋ ಎಂಬ ವ್ಯಾಜ್ಯ ಕರ್ನಾಟಕ ಹೈಕೋರ್ಟಿನ ಮುಂದೆ ಬಂದದ್ದು 1909ರ ಝ್ವಿಕಾವ್‌ನ ಮೊಕದ್ದಮೆಯನ್ನು ಬಲ್ಲವರಿಗೆ ಹೊಸದೇನೂ ಅನ್ನಿಸದು. ಇಂಗೊಲ್‌ಸ್ಟಾಟ್‌ಗೂ ಪೀಥಂಪುರಕ್ಕೂ ಒಂದು ವ್ಯತ್ಯಾಸವಿದೆ: ಆಡಿ ಎಂಬ ಹೆಸರಿನೊಡನೆ ಸ್ಯಾಕ್ಸನಿಯಿಂದ ಮನುಷ್ಯರೂ ಹೋಗಿದ್ದರು, ಮೈಸೂರಿನಿಂದ ಹೋದದ್ದು ಹೆಸರಷ್ಟೇ.

ಕುಶಲತೆ ಊರಿನಲ್ಲೇ ಉಳಿಯಿತು. ಮೈಸೂರು, ಬೆಂಗಳೂರುಗಳ ಹಳೆಯ ಮೆಕ್ಯಾನಿಕ್ಕುಗಳು ಸಿಲಿಂಡರ್ ಬೋರ್ ಮಾಡಿಸಿ, ಇಲ್ಲದ ಬಿಡಿಭಾಗಗಳನ್ನು ಲೇತ್‌ನಲ್ಲಿ ಕಡೆಸಿ ಈ ಗಾಡಿಗಳನ್ನು ಓಡಿಸುತ್ತಿದ್ದಾರೆ. ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ-ಯೆಜ್ಡಿ ದಿನವೆಂದು ಅಭಿಮಾನಿಗಳು ಅವುಗಳನ್ನು ಸಾಲಾಗಿ ರಸ್ತೆಗಿಳಿಸುತ್ತಾರೆ. ಝ್ವಿಕಾವ್‌ನಲ್ಲಿ ಆಡಿಯ ಹಳೆಯ ಕಾರ್ಖಾನೆಯೇ ಈಗ ಔಗುಸ್ಟ್ ಹೋರ್ಶ್ ವಸ್ತುಸಂಗ್ರಹಾಲಯವಾಗಿದ್ದು, ಅಲ್ಲಿ ಹೋರ್ಶ್‌ನ ಐಷಾರಾಮಿ ಕಾರೂ ಬಡಪಾಯಿ ಟ್ರಬಾಂಟೂ ಒಂದೇ ಸೂರಿನಡಿ ನಿಂತಿವೆ. ಫೋಕ್ಸ್‌ವ್ಯಾಗನ್‌ನ ಝ್ವಿಕಾವ್ ಘಟಕದಲ್ಲಿ 2021ರಿಂದ ಆಡಿಯ ವಿದ್ಯುತ್ ಕಾರೊಂದು ತಯಾರಾಗುತ್ತಿರುವುದರಿಂದ ಹೆಸರೂ ಊರಿಗೆ ಒಂದು ಬಗೆಯಲ್ಲಿ ಮರಳಿದೆ. ಯೆಜ್ಡಿ ಹಾಗೆ ಯಾದವಗಿರಿಗೆ ಮರಳುವ ನಿರೀಕ್ಷೆ ಇಟ್ಟುಕೊಳ್ಳಲು ಕಾರಣವಿಲ್ಲ, ವಸ್ತುಸಂಗ್ರಹಾಲಯದ ವಿಚಾರ ಬೇರೆ. ರೈಲ್ವೆಯ ಹಳೆಯ ಎಂಜಿನ್ನುಗಳಿಗೆ 1979ರಿಂದಲೇ ಸಂಗ್ರಹಾಲಯ ಇರುವ ಊರು ಮೈಸೂರು, ಅದು ಯಾದವಗಿರಿಯಿಂದ ದೂರವೂ ಅಲ್ಲ. ಗಾಡಿಗಳನ್ನು ಉಳಿಸುವ ಕೆಲಸವನ್ನು ಮಾಲೀಕರು ಹೇಗೂ ಮಾಡಿಕೊಂಡು ಬರುತ್ತಿದ್ದಾರೆ. ಬೇಗ ಕೈಜಾರುವುದು ಅಚ್ಚು, ಜಿಗ್, ನಕ್ಷೆ, ಹಾಜರಿ ಪುಸ್ತಕಗಳು, ಮತ್ತು ಅವುಗಳಿಗಿಂತಲೂ ಬೇಗ, 1961ರಲ್ಲಿ ಇಪ್ಪತ್ತರ ಹರೆಯದಲ್ಲಿ ಕೆಲಸಕ್ಕೆ ಸೇರಿ ಈಗ ಎಂಬತ್ತು ದಾಟಿರುವ ಕಾರ್ಮಿಕರ ನೆನಪುಗಳು. ಕಟ್ಟಡಕ್ಕೆ ಜಾಗ ಹುಡುಕುವ ಮೊದಲು ಆ ಮಾತುಗಳನ್ನು ಧ್ವನಿಮುದ್ರಿಸಿಕೊಳ್ಳುವುದು ಆಗಬೇಕಾದ ಕೆಲಸ, ಅದಕ್ಕೆ ವಿಶ್ವವಿದ್ಯಾಲಯದ ಇತಿಹಾಸ ವಿಭಾಗವೊಂದು ಮನಸ್ಸು ಮಾಡಿದರೆ ಸಾಕು.